ಆ ಹಾಲಿನ ಲೋಟಕ್ಕೆ ಮೋಸ ಆಯಿತು

ಹೋದ ಭಾನುವಾರ ರಾತ್ರಿ ಅಮ್ಮನ ಜೊತೆ ಕೂತು ನಿರ್ದೇಶಕ ಹಿಚ್‌ಕಾಕ್‌ನ 'ಸಸ್ಪಿಷನ್' (ಅಂದರೆ ಅನುಮಾನ) ನೋಡಿದೆ. 1941ರ ಕಪ್ಪು ಬಿಳುಪು ಸಿನಿಮಾ. ನಾನು ಮೊದಲೇ ನೋಡಿದ್ದೆ, ಅಮ್ಮನಿಗೆ ಹೊಸದು. ಸಬ್‌ಟೈಟಲ್ ಓದಿಕೊಂಡು, ಅರ್ಥ ಆಗದ ಕಡೆ ನನ್ನನ್ನು ಕೇಳಿಕೊಂಡು ನೋಡುತ್ತಿದ್ದಳು. ಅರ್ಧ ದಾಟಿದ ಮೇಲೆ ಕೇಳುವುದನ್ನೇ ಬಿಟ್ಟಳು, ಅಷ್ಟು ಮುಳುಗಿದ್ದಳು. ಸಿನಿಮಾ ಮುಗಿದ ಮೇಲೆ ನನ್ನ ಕಡೆ ತಿರುಗಿ "ಅಷ್ಟೇನಾ?" ಅಂದಳು. ಆ ಮಾತು ಮೂರು ದಿನದಿಂದ ತಲೆಯಲ್ಲೇ ಕೂತಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಕಥೆಯನ್ನು ಕೊನೆಯವರೆಗೂ ಹೇಳುತ್ತೇನೆ, ನೋಡದೇ ಇರುವವರು ದಯವಿಟ್ಟು ನೋಡಿಕೊಂಡು ಬನ್ನಿ.

ಲೀನಾ ಇಂಗ್ಲೆಂಡಿನ ಹಳ್ಳಿಯೊಂದರ ದೊಡ್ಡ ಮನೆಯ ಮಗಳು. ನಾಚಿಕೆ ಸ್ವಭಾವ, ಸದಾ ಪುಸ್ತಕ. ಇವಳು ಮದುವೆ ಆಗುವ ಪೈಕಿ ಅಲ್ಲ ಅಂತ ಅಪ್ಪ ಅಮ್ಮ ಮಾತಾಡುವುದು ಒಂದು ದಿನ ಅವಳ ಕಿವಿಗೆ ಬೀಳುತ್ತದೆ. ಆ ಗಳಿಗೆಯಲ್ಲೇ, ಪಕ್ಕದಲ್ಲಿ ನಿಂತಿದ್ದ ಜಾನಿಗೆ ಮುತ್ತು ಕೊಟ್ಟುಬಿಡುತ್ತಾಳೆ. ಜಾನಿ ಅಂದರೆ ಕ್ಯಾರಿ ಗ್ರಾಂಟ್. ನಕ್ಕರೆ ಯಾರಿಗಾದರೂ ಇಷ್ಟ ಆಗುವ ಮನುಷ್ಯ. ಇಬ್ಬರೂ ಓಡಿಹೋಗಿ ಮದುವೆ ಆಗುತ್ತಾರೆ. ಆಮೇಲೆ ಗೊತ್ತಾಗುತ್ತದೆ, ಇವನ ಹತ್ತಿರ ಬಿಡಿಗಾಸಿಲ್ಲ. ಕುದುರೆ ಜೂಜು, ಸಾಲ, ಸುಳ್ಳು. ಅವಳ ಅಪ್ಪ ಮದುವೆಗೆ ಉಡುಗೊರೆ ಕೊಟ್ಟ ಎರಡು ಹಳೇ ಕಾಲದ ಕುರ್ಚಿಗಳನ್ನು ಹೇಳದೇ ಕೇಳದೇ ಮಾರುತ್ತಾನೆ, ಅವು ಅಂಗಡಿಯ ಗಾಜಿನ ಹಿಂದೆ ಕೂತಿರುವುದನ್ನು ಲೀನಾ ಸ್ವತಃ ನೋಡುತ್ತಾಳೆ. ಕೆಲಸಕ್ಕಿದ್ದ ಕಡೆ ಎರಡು ಸಾವಿರ ಪೌಂಡ್ ನುಂಗಿ ಕೆಲಸ ಕಳೆದುಕೊಂಡು, ಅದನ್ನೂ ಮುಚ್ಚಿಡುತ್ತಾನೆ.

ಇಷ್ಟಾದ ಮೇಲೆ ಭಯ ಶುರುವಾಗುತ್ತದೆ. ಜಾನಿಯ ಗೆಳೆಯ ಬೀಕಿ ಒಳ್ಳೇ ಮನುಷ್ಯ, ಸ್ವಲ್ಪ ಪೆದ್ದ, ದುಡ್ಡಿದೆ. ಒಂದು ಸಂಜೆ ಮೂವರೂ ಕೂತು ಅಕ್ಷರ ಜೋಡಿಸುವ ಆಟ ಆಡುತ್ತಿರುತ್ತಾರೆ. ಗಂಡಸರಿಬ್ಬರೂ ಕಡಲ ಅಂಚಿನ ಜಾಗವೊಂದರ ವ್ಯವಹಾರ ಮಾತಾಡುತ್ತಾರೆ, ಲೀನಾಳ ಬೆರಳು ಸುಮ್ನೆ ಅಕ್ಷರ ಸರಿಸುತ್ತಿರುತ್ತದೆ. ನೋಡುತ್ತಾ ನೋಡುತ್ತಾ ಮೇಜಿನ ಮೇಲೆ 'ಮರ್ಡರ್' ಅನ್ನುವ ಪದ ಮೂಡಿಬಿಡುತ್ತದೆ. ಅವಳೇ ಜೋಡಿಸಿದ್ದು, ಆದರೆ ಅವಳಿಗೇ ಗೊತ್ತಿಲ್ಲ! ಅಮ್ಮ ಇಲ್ಲಿ ನನ್ನ ಕೈ ಹಿಡಿದಳು. ಮುಂದೆ ಬೀಕಿ ಪ್ಯಾರಿಸ್‌ನಲ್ಲಿ ಬ್ರ್ಯಾಂಡಿ ಕುಡಿದು ಸಾಯುತ್ತಾನೆ, ಜೊತೆಗೆ ಯಾರೋ ಇಂಗ್ಲಿಷ್ ಮನುಷ್ಯ ಇದ್ದ ಅಂತ ಪೊಲೀಸರು ಮನೆಗೆ ಬಂದು ಹೇಳುತ್ತಾರೆ. ಬ್ರ್ಯಾಂಡಿ ಬೀಕಿಯ ಮೈಗೆ ಆಗಲ್ಲ ಅಂತ ಜಾನಿಗೆ ಚೆನ್ನಾಗಿ ಗೊತ್ತು. ಹೆಂಡತಿಯ ಜೀವವಿಮೆ ಬಗ್ಗೆ ಅವನು ವಿಚಾರಿಸಿದ ಕಾಗದ ಸಿಗುತ್ತದೆ. ಪತ್ತೆಯೇ ಆಗದ ವಿಷ ಯಾವುದು ಅಂತ ಊರಿನ ಪತ್ತೇದಾರಿ ಕಾದಂಬರಿಗಾರ್ತಿಯ ಹತ್ತಿರ ಕೇಳಿ ತಿಳಿದುಕೊಳ್ಳುತ್ತಾನೆ.

ಆಮೇಲೆ ಆ ಮೆಟ್ಟಿಲು. ದೀಪ ಆರಿದ ಮನೆ, ಗೋಡೆ ಮೇಲೆಲ್ಲಾ ಜೇಡರ ಬಲೆಯ ಹಾಗೆ ಕಿಟಕಿಯ ನೆರಳು. ಕೆಳಗಿನಿಂದ ಜಾನಿ ತಟ್ಟೆಯಲ್ಲಿ ಒಂದು ಲೋಟ ಹಾಲು ಇಟ್ಟುಕೊಂಡು ನಿಧಾನಕ್ಕೆ ಹತ್ತಿ ಬರುತ್ತಾನೆ. ಮುಖ ಕಾಣುವುದಿಲ್ಲ, ಲೋಟ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ನೋಡುವವರ ಕಣ್ಣು ಬೇರೆ ಎಲ್ಲೂ ಹೋಗಬಾರದು ಅಂತ ಹಿಚ್‌ಕಾಕ್ ಹಾಲಿನೊಳಗೇ ಒಂದು ದೀಪ ಇಡಿಸಿದ್ದ. ನಮ್ಮ ಸಿನಿಮಾಗಳಲ್ಲಿ ಹಾಲಿನ ಲೋಟ ಹಿಡಿದು ಬರುವವಳು ಹೊಸ ಹೆಂಡತಿ, ಕಾಯುತ್ತಾ ಕೂತವನು ಗಂಡ. ಅದನ್ನೇ ನೋಡಿ ಬೆಳೆದ ನಮಗೆ, ಗಂಡ ಹಾಲು ತರುವುದು, ಹೆಂಡತಿ ಹಾಸಿಗೆಯಲ್ಲಿ ಅಲ್ಲಾಡದೆ ಕೂತು ಆ ಲೋಟವನ್ನೇ ನೋಡುವುದು ಎಷ್ಟು ಹೆದರಿಕೆ ಹುಟ್ಟಿಸುತ್ತದೆ ಅಂದರೆ, ಅಮ್ಮ "ಕುಡೀಬೇಡ ಕಣೇ" ಅಂತ ಟಿವಿಗೆ ಹೇಳಿಯೇಬಿಟ್ಟಳು.

ಲೀನಾ ಕುಡಿಯುವುದಿಲ್ಲ. ಮರುದಿನ ಅಮ್ಮನ ಮನೆಗೆ ಹೋಗುತ್ತೇನೆ ಅನ್ನುತ್ತಾಳೆ. ನಾನೇ ಬಿಡುತ್ತೇನೆ ಅಂತ ಜಾನಿ ಕಾರು ತೆಗೆಯುತ್ತಾನೆ. ಕಡಲ ಅಂಚಿನ ರಸ್ತೆ, ಕೆಳಗೆ ಪ್ರಪಾತ. ವೇಗದಲ್ಲಿ ಅವಳ ಕಡೆ ಬಾಗಿಲು ತೆರೆದುಕೊಳ್ಳುತ್ತದೆ, ಅವನ ಕೈ ಅವಳತ್ತ ಚಾಚುತ್ತದೆ, ಅವಳು ಕಿರುಚುತ್ತಾಳೆ. ಕಾರು ನಿಲ್ಲುತ್ತದೆ. ಆಮೇಲೆ ಎರಡು ಮೂರು ನಿಮಿಷ ಬರೀ ಮಾತು. ಅವನು ಅವಳನ್ನು ತಳ್ಳುತ್ತಿರಲಿಲ್ಲವಂತೆ, ಹಿಡಿಯುತ್ತಿದ್ದನಂತೆ. ವಿಷ ಕೇಳಿದ್ದು ತಾನೇ ಸಾಯಲಿಕ್ಕಂತೆ. ಬೀಕಿ ಸತ್ತಾಗ ಲಿವರ್‌ಪೂಲ್‌ನಲ್ಲಿ ವಿಮೆಯ ಮೇಲೆ ಸಾಲಕ್ಕೆ ಓಡಾಡುತ್ತಿದ್ದನಂತೆ. ಇಷ್ಟು ಕೇಳಿದ್ದೇ ಲೀನಾ, ನನ್ನದೂ ಅಷ್ಟೇ ತಪ್ಪಿದೆ, ನಾನು ನನ್ನ ಬಗ್ಗೆ ಮಾತ್ರ ಯೋಚಿಸಿದೆ ಅನ್ನುತ್ತಾಳೆ. ಕಾರು ಮನೆಯ ಕಡೆ ತಿರುಗುತ್ತದೆ. ಮುಗಿಯಿತು.

ನನಗೆ ಸಿಟ್ಟು ಬರುವುದು ಸುಖಾಂತ ಆಯಿತು ಅಂತ ಅಲ್ಲ. ಸುಖಾಂತ ನನಗೂ ಇಷ್ಟ. ಸಿಟ್ಟು ಬರುವುದು ಆ ಕ್ಷಮೆಗೆ. ಒಂದೂವರೆ ಗಂಟೆಯಿಂದ ಇವನು ಹೇಳಿದ್ದೆಲ್ಲಾ ಸುಳ್ಳು, ನಾವೇ ಕಣ್ಣಾರೆ ನೋಡಿದ್ದೇವೆ. ಈಗ ಅವನ ಪರವಾಗಿ ಇರುವ ಒಂದೇ ಸಾಕ್ಷಿ ಅವನ ಬಾಯಿಮಾತು. ಪ್ಯಾರಿಸ್‌ನಲ್ಲಿ ಬೀಕಿ ಜೊತೆ ಇದ್ದವನು ಯಾರು? ಸಿನಿಮಾ ಹೇಳುವುದೇ ಇಲ್ಲ. ಹಾಗಿದ್ದೂ ಕ್ಷಮೆ ಕೇಳುವ ಸರದಿ ಅವಳದ್ದು. ಕುರ್ಚಿ ಕದ್ದವನು ಅವನು, ದುಡ್ಡು ನುಂಗಿದವನು ಅವನು, ಅವಳು ಮಾಡಿದ್ದು ಹೆದರಿದ್ದು ಮಾತ್ರ. ಎಷ್ಟು ಹೆಂಗಸರು ತಮ್ಮ ಮನೆಯೊಳಗೆ ಏನೋ ಸರಿ ಇಲ್ಲ ಅಂತ ಗೊತ್ತಾಗಿಯೂ, ನಾನೇ ಜಾಸ್ತಿ ಯೋಚಿಸುತ್ತಿದ್ದೇನೇನೋ ಅಂತ ಬಾಯಿ ಮುಚ್ಚಿಕೊಂಡು ಇರುತ್ತಾರೆ. ಆ ಭಯವನ್ನು ಇಷ್ಟು ಚೆನ್ನಾಗಿ ತೋರಿಸಿದ ಇನ್ನೊಂದು ಸಿನಿಮಾ ನಾನು ನೋಡಿಲ್ಲ. ಅಂಥ ಸಿನಿಮಾನೇ ಕೊನೆಗೆ ತಿರುಗಿ ನಿಂತು, ಎಲ್ಲಾ ನಿನ್ನ ಕಲ್ಪನೆ ಅಂದುಬಿಟ್ಟರೆ ಹೊಟ್ಟೆ ಉರಿಯುವುದಿಲ್ವಾ?

ಈ ಕಥೆ ಬಂದದ್ದು 1932ರ 'ಬಿಫೋರ್ ದಿ ಫ್ಯಾಕ್ಟ್' ಕಾದಂಬರಿಯಿಂದ. ಬರೆದವರು ಫ್ರಾನ್ಸಿಸ್ ಐಲ್ಸ್, ಅದು ಆಂಥನಿ ಬರ್ಕ್ಲಿ ಕಾಕ್ಸ್ ಅವರ ಇನ್ನೊಂದು ಹೆಸರು. ಅಲ್ಲಿ ಗಂಡ ನಿಜವಾಗಿಯೂ ಕೊಲೆಗಾರ, ಅದು ಶುರುವಿನಲ್ಲೇ ಗೊತ್ತಾಗುತ್ತದೆ. ಕೊನೆಗೆ ಅವಳು ವಿಷ ಅಂತ ಗೊತ್ತಿದ್ದೂ ಕುಡಿಯುತ್ತಾಳೆ. ಸಿನಿಮಾದಲ್ಲಿ ಅದು ಆಗಲಿಲ್ಲ. ಕ್ಯಾರಿ ಗ್ರಾಂಟ್ ಕೊಲೆಗಾರ ಆಗಬಾರದು ಅನ್ನುವುದು ಒಂದು. ದೊಡ್ಡ ಹೀರೋಗೋಸ್ಕರ ಕಥೆ ತಿದ್ದುವುದು ನಮಗೇನು ಹೊಸದಲ್ಲ ಬಿಡಿ. ಇನ್ನೊಂದು, ಆಗ ಅಮೆರಿಕದಲ್ಲಿದ್ದ ಪ್ರೊಡಕ್ಷನ್ ಕೋಡ್, ಅಂದರೆ ಸಿನಿಮಾದಲ್ಲಿ ಏನು ತೋರಿಸಬಹುದು ಅನ್ನುವ ನಿಯಮಗಳು, ಅದರ ಪ್ರಕಾರ ಕೊಲೆ ಮಾಡಿದವನು ಶಿಕ್ಷೆ ಇಲ್ಲದೆ ತಪ್ಪಿಸಿಕೊಳ್ಳುವ ಹಾಗಿಲ್ಲ. ಈ ಸಿನಿಮಾ ಮಾಡಿದ ಆರ್‌ಕೆಓ ಸ್ಟುಡಿಯೋದಲ್ಲಿ ಒಬ್ಬರು ಜಾನಿಯ ಮೇಲೆ ಅನುಮಾನ ಬರುವ ದೃಶ್ಯಗಳನ್ನೆಲ್ಲಾ ಕತ್ತರಿಸಿ, ಉಳಿದದ್ದು 55 ನಿಮಿಷ ಅಂತ ಹಿಚ್‌ಕಾಕ್ ಆಮೇಲೆ ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರುಫೊ ಹತ್ತಿರ ಹೇಳಿಕೊಂಡಿದ್ದಾನೆ. ಅದನ್ನು ವಾಪಸ್ ಜೋಡಿಸಿದರು, ಪುಣ್ಯ.

ತಾನು ಅಂದುಕೊಂಡಿದ್ದ ಕೊನೆ ಯಾವುದು ಅಂತಲೂ ಅವನು ತ್ರುಫೊಗೆ ಹೇಳಿದ್ದಾನೆ. ಗಂಡ ಹಾಲು ತರುವ ಹೊತ್ತಿಗೆ ಲೀನಾ ತನ್ನ ಅಮ್ಮನಿಗೆ ಕಾಗದ ಬರೆದು ಮುಗಿಸಿರುತ್ತಾಳೆ. ಇವನು ಕೊಲೆಗಾರ, ಆದರೂ ನನಗೆ ಇವನ ಮೇಲೆ ಪ್ರೀತಿ, ನನಗೆ ಬದುಕುವ ಆಸೆ ಇಲ್ಲ, ಇವನಿಂದ ಬೇರೆಯವರು ಉಳಿಯಬೇಕು ಅಂತ. ಕಾಗದ ಮುಚ್ಚಿ, ಇದನ್ನು ಅಂಚೆಗೆ ಹಾಕುತ್ತೀಯಾ ಅಂತ ಅವನ ಕೈಗೇ ಕೊಟ್ಟು, ಹಾಲು ಕುಡಿದು ಸಾಯುತ್ತಾಳೆ. ಕೊನೆಯ ದೃಶ್ಯದಲ್ಲಿ ಜಾನಿ ಶಿಳ್ಳೆ ಹಾಕಿಕೊಂಡು ಬಂದು ಆ ಕಾಗದವನ್ನು ಡಬ್ಬಿಗೆ ಹಾಕುತ್ತಾನೆ. ಎಂಥಾ ಕೊನೆ ಇದು! ಶಿಕ್ಷೆಯೂ ಇದೆ, ಅದನ್ನು ಅವನ ಕೈಯಿಂದಲೇ ಅಂಚೆಗೆ ಹಾಕಿಸಿಯೂ ಆಯಿತು.

ಈ ಮಾತನ್ನು ಎಲ್ಲರೂ ಒಪ್ಪುವುದಿಲ್ಲ, ಅದನ್ನೂ ಹೇಳಬೇಕು. ಹೆಂಡತಿಯ ಕಲ್ಪನೆಯ ಕಥೆ ಮಾಡಬೇಕು ಅಂತಲೇ ಹಿಚ್‌ಕಾಕ್ ಮೊದಲಿನಿಂದ ಹೊರಟಿದ್ದ, ತಪ್ಪನ್ನು ಆಮೇಲೆ ಸ್ಟುಡಿಯೋ ಮೇಲೆ ಹಾಕಿದ ಅಂತ ಅವನ ಬಗ್ಗೆ ಬರೆದ ಕೆಲವರು ವಾದ ಮಾಡುತ್ತಾರೆ. ಇರಬಹುದು. ಆದರೆ ಸಿನಿಮಾದೊಳಗೆ ಉಳಿದಿರುವುದನ್ನು ನೋಡಿ. ಹಿಚ್‌ಕಾಕ್ ತನ್ನ ಸಿನಿಮಾಗಳಲ್ಲಿ ಒಂದು ಕ್ಷಣ ಮುಖ ತೋರಿಸಿ ಹೋಗುತ್ತಾನೆ, ಗೊತ್ತಲ್ವಾ. ಇಲ್ಲಿ ಅವನು ಏನು ಮಾಡುತ್ತಾನೆ? ಹಳ್ಳಿಯ ಅಂಚೆಡಬ್ಬಿಗೆ ಕಾಗದ ಹಾಕುತ್ತಾನೆ. ಇನ್ನೂ ಹಿಂದೆ ಹೋಗಿ, ಮೊದಲ ದೃಶ್ಯಕ್ಕೇ. ಜಾನಿ ಮೂರನೇ ದರ್ಜೆ ಟಿಕೆಟ್ ಇಟ್ಟುಕೊಂಡು ರೈಲಿನ ಮೊದಲ ದರ್ಜೆಯಲ್ಲಿ ಕೂತು ಸಿಕ್ಕಿಬೀಳುತ್ತಾನೆ. ಚಿಲ್ಲರೆ ಸಾಲದೆ ಲೀನಾಳ ಹತ್ತಿರ ಒಂದು ಅಂಚೆಚೀಟಿ ಇಸಿದುಕೊಂಡು ಟಿಕೆಟ್ ಕಲೆಕ್ಟರ್ ಕೈಗಿಟ್ಟು, ನಿಮ್ಮಮ್ಮನಿಗೆ ಕಾಗದ ಬರೆಯಿರಿ ಅನ್ನುತ್ತಾನೆ. ಅವಳ ಅಂಚೆಚೀಟಿ, ಅಮ್ಮನಿಗೆ ಕಾಗದ. ಆ ಕೊನೆಯ ಬೀಜ ಇಲ್ಲೇ ಬಿದ್ದಿದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಗಿಡ ಬರಲಿಲ್ಲ ಅಷ್ಟೇ.

ಕೊನೆಯಲ್ಲಿ ಕಾರು ತಿರುಗಿದಾಗ ಜಾನಿಯ ಕೈ ನಿಧಾನಕ್ಕೆ ಅವಳ ಹೆಗಲ ಮೇಲೆ ಬರುತ್ತದೆ, ಅಲ್ಲಿ ಅನುಮಾನ ಇನ್ನೂ ಉಳಿದಿದೆ ಅಂತ ವಾದಿಸುವ ಗೆಳೆಯರಿದ್ದಾರೆ. ನಾನು ಆ ಕೈಯನ್ನು ಮತ್ತೆ ಮತ್ತೆ ನೋಡಿದೆ. ಹಾಗೆ ಓದಬಹುದು, ನಿಜ. ಆದರೆ ಅದು ಸಿನಿಮಾ ಮೇಲಿನ ಪ್ರೀತಿಗೆ ನಾವು ಹಾಕಿಕೊಳ್ಳುವ ತೇಪೆ. ಅಲ್ಲಿ ಸಂಗೀತವೂ ಲೀನಾಳ ಮುಖವೂ ಹೇಳುವುದು ಎಲ್ಲಾ ಸರಿಹೋಯಿತು ಅಂತಲೇ.

ಲೀನಾ ಆಗಿ ನಟಿಸಿದ ಜೋನ್ ಫಾಂಟೇನ್‌ಗೆ ಈ ಪಾತ್ರಕ್ಕೆ ಆಸ್ಕರ್ ಬಂತು. ಹಿಚ್‌ಕಾಕ್ ಸಿನಿಮಾದಲ್ಲಿ ನಟನೆಗೆ ಬಂದ ಒಂದೇ ಒಂದು ಆಸ್ಕರ್ ಅದು. ಕೊನೆಯ ಆ ಮಾತುಗಳನ್ನೂ ಅವಳು ನಂಬಿಕೆಯಿಂದಲೇ ಆಡುತ್ತಾಳೆ, ಅದು ಇನ್ನೂ ನೋವು ಕೊಡುತ್ತದೆ. ಎರಡೇ ವರ್ಷದಲ್ಲಿ, 1943ರಲ್ಲಿ, ಹಿಚ್‌ಕಾಕ್ 'ಶ್ಯಾಡೋ ಆಫ್ ಎ ಡೌಟ್' ಮಾಡಿದ. ಅಲ್ಲೂ ಮನೆಯವರೆಲ್ಲಾ ಪ್ರೀತಿಸುವ ಸೋದರಮಾವ, ಅವನ ಮೇಲೆ ಹುಡುಗಿಗೆ ಅನುಮಾನ. ಆದರೆ ಅಲ್ಲಿ ಅವಳ ಅನುಮಾನ ನಿಜ. ಅದನ್ನು ನೋಡಿ ಮುಗಿಸಿದಾಗ ಅಷ್ಟೇನಾ ಅನ್ನಿಸುವುದೇ ಇಲ್ಲ.

ಭಾನುವಾರ ರಾತ್ರಿ ಅಮ್ಮನಿಗೆ ಆ ಕಾಗದದ ಕೊನೆಯನ್ನು ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಮೊದಲಿನ ಆ ಟ್ರೈನ್ ಸೀನ್ ಇನ್ನೊಂದು ಸಲ ಹಾಕು" ಅಂದಳು. ಹಾಕಿದೆ. ಜಾನಿ ಅಂಚೆಚೀಟಿ ಕೇಳುವಾಗ ಲೀನಾ ಒಂದು ಕ್ಷಣ ತಡೆದು, ಆಮೇಲೆ ಕೊಟ್ಟುಬಿಡುತ್ತಾಳೆ. "ಕೊಟ್ಟುಬಿಟ್ಟಳಲ್ಲೇ" ಅಂದಳು ಅಮ್ಮ.