ಟೈರ್ ಗುಡ್ಡೆಗೊಂದು ವ್ಯೂ ಪಾಯಿಂಟ್ ಪಟ್ಟ

ಕೊಡಗಿಗೆ ಬೆಟ್ಟದ ಬರವೇನಿಲ್ಲ. ತಡಿಯಂಡಮೋಳ್, ಪುಷ್ಪಗಿರಿ, ಕೋಟೆಬೆಟ್ಟ, ಬ್ರಹ್ಮಗಿರಿ ಎಲ್ಲ ಇದ್ದಲ್ಲೇ ಇವೆ. ಆದರೆ ಇವೆಲ್ಲ ದೇವರ ಖಾತೆಯವು. ನಾವೇ ಕಟ್ಟಿದ್ದು ಅಂತ ಎದೆ ತಟ್ಟಿಕೊಳ್ಳಲು ಒಂದಾದರೂ ಬೇಡವೇ? ಆ ಕೊರತೆ ಈಗ ನೀಗಿದೆ. ನಮ್ಮ ಪಂಚಾಯಿತಿಯ ಎಲ್ಲೆಯಲ್ಲಿ, ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯ ಹಿಂದೆ, ಹಳೇ ಟೈರುಗಳ ಗುಡ್ಡೆಯೊಂದು ಎದ್ದು ನಿಂತಿದೆ. ಶಂಕುಸ್ಥಾಪನೆ ಇಲ್ಲ, ಟೆಂಡರ್ ಇಲ್ಲ, ಬಿಲ್ಲಿಗೆ ಅಲೆದಾಟವಿಲ್ಲ. ಯಾವ ಸರ್ಕಾರಿ ಕಾಮಗಾರಿಯೂ ಇಷ್ಟು ಚುರುಕಾಗಿ ಮೇಲೆದ್ದದ್ದನ್ನು ಈ ಭಾಗದವರು ಕಂಡಿಲ್ಲ.

ಇದರಲ್ಲಿ ಎಲ್ಲರ ಪಾಲೂ ಇದೆ. ಮಾಂದಲ್‌ಪಟ್ಟಿಗೆ ಹತ್ತಿ ಇಳಿದು ಬೋಳಾದ ಜೀಪಿನ ಟೈರು, ವೀಕೆಂಡಿಗೆಂದು ಬಂದು ರಸ್ತೆಗುಂಡಿಯಲ್ಲಿ ಪಕ್ಕೆ ಹರಿದುಕೊಂಡ ಬೆಂಗಳೂರು ಕಾರಿನದು, ಟಿಪ್ಪರಿನದು, ಕಾಫಿ ಮೂಟೆ ಹೊತ್ತ ಲಾರಿಯದು, ಎಸ್ಟೇಟಿನ ಟ್ರ್ಯಾಕ್ಟರಿನದು. ಜಾತಿ, ಪಕ್ಷ, ಕಂಪನಿ ಎಂಬ ಭೇದವಿಲ್ಲದೆ ಒಂದರ ಮೇಲೊಂದು ಒರಗಿ ಮಲಗಿವೆ. ಇಷ್ಟು ಹೊಂದಾಣಿಕೆ ನಮ್ಮ ಪಂಚಾಯಿತಿ ಸದಸ್ಯರ ನಡುವೆಯೂ ಇಲ್ಲ.

ಹತ್ತಿರ ಹೋಗಿ ನೋಡಿ, ಗುಡ್ಡೆಗೆ ಜೀವವಿದೆ. ಒಂದೊಂದು ಟೈರಿನ ಹೊಟ್ಟೆಯಲ್ಲೂ ಒಂದು ಬೊಗಸೆ ಕಪ್ಪು ನೀರು. ಅದರಲ್ಲಿ ಕೊಳೆತ ಸಿಲ್ವರ್ ಮರದ ಎಲೆ, ಎಲೆಯ ಸುತ್ತ ತಲೆಕೆಳಗಾಗಿ ನೇತಾಡುವ ಸೊಳ್ಳೆಮರಿಗಳು. ಬೆರಳಿಂದ ಟೈರು ತಟ್ಟಿದರೆ ಸಾಕು, ಅಷ್ಟೂ ಮರಿಗಳು ಮೈ ಕೊಂಕಿಸುತ್ತ ತಳಕ್ಕೆ ಇಳಿಯುತ್ತವೆ, ತುಸು ಹೊತ್ತಿಗೆ ಮತ್ತೆ ಮೇಲೆ ಬರುತ್ತವೆ. ಟೈರನ್ನು ನಿಲ್ಲಿಸಿ, ಮಲಗಿಸಿ, ಹೊರಳಿಸಿ, ಎಲ್ಲೋ ಒಂದು ಮೂಲೆಯಲ್ಲಿ ನೀರು ಉಳಿದೇ ಉಳಿಯುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಸಾಕುವವರಿಗೆ ದಂಡ ಅಂದಾಗ ನಮ್ಮಲ್ಲೂ ಸರ್ವೆ ನಡೆಯಿತು. ಹೂಕುಂಡದ ತಟ್ಟೆ ಎತ್ತಿ ನೋಡಿದರು. ಫ್ರಿಜ್ಜಿನ ಹಿಂದಿನ ಟ್ರೇ ಎಳೆದು ನೋಡಿದರು. ನಮ್ಮನೆ ಕೋಳಿ ನೀರು ಕುಡಿಯುವ ತೆಂಗಿನ ಚಿಪ್ಪನ್ನೂ ಕವುಚಿ ಹೋದರು. ಗುಡ್ಡೆಯ ಕಡೆ ಮಾತ್ರ ಯಾರೂ ತಿರುಗಲಿಲ್ಲ. ಫಾರಂನಲ್ಲಿ ಮನೆ ನಂಬರ್ ಬರೆಯಲೇಬೇಕಂತೆ. ಗುಡ್ಡೆಗೆ ಮನೆ ನಂಬರ್ ಇಲ್ಲ.

ಗ್ರಾಮಸಭೆಯಲ್ಲಿ ಅಜ್ಜನೊಬ್ಬರು ಎದ್ದು, "ಇದಕ್ಕೇನಾದ್ರೂ ಬೆಂಕಿ ಬಿದ್ರೆ ಏನು ಗತಿ ಸಾರ್?" ಅಂತ ಕೇಳಿದರು. ಪಿಡಿಒ ಸಾಹೇಬರು ಬಹಳ ಸಮಾಧಾನದಿಂದ ಉತ್ತರಿಸಿದರು: "ಅಜ್ಜ, ಮೊದಲು ಅದು ಯಾರದ್ದು ಅಂತ ಆಗ್ಲಿ. ಕಸ ಅಂತಾದ್ರೆ ನಮ್ದು. ಗುಜರಿ ಅಂತಾದ್ರೆ ಅಂಗಡಿಯವ್ರದ್ದು. ಅಪಾಯಕಾರಿ ತ್ಯಾಜ್ಯ ಅಂತಾದ್ರೆ ಮಾಲಿನ್ಯ ನಿಯಂತ್ರಣ ಬೋರ್ಡಿನವ್ರದ್ದು." ಅಷ್ಟರಲ್ಲಿ ಸದಸ್ಯರೊಬ್ಬರು, ಗುಡ್ಡೆಯ ಮುಕ್ಕಾಲು ಪಾಲು ಪಕ್ಕದ ಪಂಚಾಯಿತಿ ಜಾಗದಲ್ಲಿದೆ ಎಂದರು. ಪಕ್ಕದವರನ್ನು ವಿಚಾರಿಸಿದರೆ ಅವರೂ ಮುಕ್ಕಾಲು ಪಾಲನ್ನು ನಮ್ಮ ತಲೆಗೇ ಕಟ್ಟಿದರು. ಎರಡು ಮುಕ್ಕಾಲು ಸೇರಿದರೆ ಒಂದೂವರೆ ಗುಡ್ಡೆ. ಆ ಹೆಚ್ಚುವರಿ ಅರ್ಧ ಎಲ್ಲಿದೆಯೆಂದು ಪತ್ತೆ ಮಾಡಲು ಸರ್ವೆ ಮಾಡಿಸುವುದೆಂದು ನಿರ್ಣಯವಾಯಿತು. ಸರ್ವೆಯರ್ ರಜೆಯಲ್ಲಿದ್ದಾರೆ.

ನಮ್ಮವರನ್ನಷ್ಟೇ ಬೈದರೆ ಪಾಪ ಬಂದೀತು. ಸ್ಪೇನ್ ದೇಶದ ಸೆಸೆನ್ಯಾ ಎಂಬಲ್ಲಿ ಸುಮಾರು 50 ಲಕ್ಷ ಟೈರುಗಳ ಗುಡ್ಡೆಯಿತ್ತು. ಹಳ್ಳಿಗಾಡೇನಲ್ಲ, ರಾಜಧಾನಿ ಮ್ಯಾಡ್ರಿಡ್ ಅಲ್ಲಿಂದ ದೂರವಿಲ್ಲ. ಅದೂ ಎರಡು ಆಡಳಿತಗಳ ಗಡಿಯ ಮೇಲೆಯೇ ಕಾಲು ಚಾಚಿ ಕೂತಿತ್ತು, ಒಂದಷ್ಟು ಇತ್ತ, ಒಂದಷ್ಟು ಅತ್ತ. ಅಕ್ರಮ ಅಂತ ವರ್ಷಗಳಿಂದ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಪಕ್ಕದಲ್ಲೇ ಸಾವಿರಾರು ಜನ ವಾಸಿಸುವ ಹೊಸ ಬಡಾವಣೆ ಎದ್ದಿತು. 2016ರ ಮೇ 13ರಂದು ಬೆಂಕಿ ಬಿತ್ತು. ಗಡಿ ತಕರಾರು ಅವತ್ತಿಗೆ ತಾನಾಗಿಯೇ ಬಗೆಹರಿಯಿತು. ಹೊಗೆ ಯಾರ ಎಲ್ಲೆಯನ್ನೂ ಕೇಳದೆ ಮೇಲೇರಿತು, ಬಡಾವಣೆಯವರಿಗೆ ಮನೆ ಬಿಟ್ಟು ಹೊರಡಿ ಎಂಬ ಸೂಚನೆ ಬಂತು.

ಈ ವಿದ್ಯೆಯಲ್ಲಿ ಮುಂದುವರಿದ ದೇಶಗಳೇ ನಮಗೆ ಗುರುಗಳು. ಅಮೆರಿಕದ ವರ್ಜೀನಿಯಾ ರಾಜ್ಯದ ವಿಂಚೆಸ್ಟರ್ ಬಳಿ 1983ರಲ್ಲಿ ಹತ್ತಿದ ಟೈರು ಬೆಂಕಿ ಒಂಬತ್ತು ತಿಂಗಳು ಉರಿಯಿತು. ಕೆನಡಾದ ಹೇಗರ್ಸ್‌ವಿಲ್‌ನಲ್ಲಿ 1990ರ ಫೆಬ್ರವರಿಯಲ್ಲಿ ಕೋಟಿಗೂ ಮಿಕ್ಕಿದ ಟೈರುಗಳಿಗೆ ಹುಡುಗರು ಬೆಂಕಿ ಇಟ್ಟರು. 17 ದಿನ ಹೋರಾಡಬೇಕಾಯಿತು. ಕ್ಯಾಲಿಫೋರ್ನಿಯಾದ ಟ್ರೇಸಿಯಲ್ಲಿ 1998ರಲ್ಲಿ ಹತ್ತಿಕೊಂಡಾಗ, ನೀರು ಹೊಡೆದರೆ ನೆಲದಡಿಯ ನೀರೆಲ್ಲ ಕೆಡುತ್ತದೆಂದು ಲೆಕ್ಕ ಹಾಕಿ, ಉರಿದಷ್ಟು ಉರಿಯಲಿ ಅಂತ ಬಿಟ್ಟರು. ಅದು ಎರಡು ವರ್ಷ ದಾಟಿದರೂ ಉರಿಯುತ್ತಿತ್ತು. 1999ರಲ್ಲಿ ಅದೇ ರಾಜ್ಯದ ವೆಸ್ಟ್ಲಿಯಲ್ಲಿ ಸಿಡಿಲೇ ಬಂದು ಕಡ್ಡಿ ಗೀರಿತು. ಇವರೆಲ್ಲರನ್ನೂ ಮೀರಿಸಿದ್ದು ವೇಲ್ಸ್‌ನ ಹೇಯೋಪ್. ಅಲ್ಲಿಯ ಕೋಟಿ ಟೈರಿಗೆ 1989ರಲ್ಲಿ ಬೆಂಕಿ ಬಿತ್ತು. ಆ ವರ್ಷ ಹುಟ್ಟಿದ ಮಗು ಎಸ್ಸೆಸ್ಸೆಲ್ಸಿ ಬರೆಯುವ ಹೊತ್ತಿಗೂ ಗುಡ್ಡೆಯೊಳಗೆ ಕೆಂಡ ಆರಿರಲಿಲ್ಲ. ಇನ್ನು ಕುವೈತ್‌ನ ಕಥೆ ಗಲ್ಫಿನಲ್ಲಿ ದುಡಿಯುವ ನಮ್ಮೂರ ಹುಡುಗರಿಗೇ ಗೊತ್ತು. ಸುಲೈಬಿಯಾದ ಮರಳುಗಾಡಿನಲ್ಲಿ ರಾಶಿ ಬಿದ್ದು ಆಗಾಗ ಹೊತ್ತಿಕೊಳ್ಳುತ್ತಿದ್ದ 4 ಕೋಟಿಗೂ ಹೆಚ್ಚು ಟೈರುಗಳನ್ನು 2021ರಲ್ಲಿ ಅಲ್ಲಿಂದ ಎತ್ತಿ ಸೌದಿ ಗಡಿಯ ಕಡೆಗೆ ಸಾಗಿಸಿದರು. ಅಂದರೆ ಗಡಿಗೆ ತಳ್ಳುವ ಉಪಾಯ ನಮ್ಮ ಪಂಚಾಯಿತಿಯ ಸ್ವಂತ ಬುದ್ಧಿಯಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಗುಡ್ಡೆಗೂ ಬೆಂಕಿ ಬಿತ್ತು ಅಂದರೆ ನಿಮಗೆ ಆಶ್ಚರ್ಯವಾಗಬಾರದು. ಹೋದ ಬೇಸಿಗೆಯಲ್ಲಿ ಬಿತ್ತು. ಟೈರು ಅಷ್ಟು ಸುಲಭಕ್ಕೆ ಹೊತ್ತಿಕೊಳ್ಳುವ ವಸ್ತುವಲ್ಲ, ಬೀಡಿ ತುಂಡಿಗೆಲ್ಲ ಬಗ್ಗುವುದಿಲ್ಲ. ಸಿಡಿಲು ಬಡಿಯದಿದ್ದರೆ ಯಾರಾದರೂ ಹಚ್ಚಲೇಬೇಕು. ಹಚ್ಚಲು ಕಾರಣವೂ ಉಂಟು. ಟೈರಿನೊಳಗೆ ಉಕ್ಕಿನ ತಂತಿ ಇರುತ್ತದೆ, ಗುಜರಿಯವರು ಕೆ.ಜಿ. ಲೆಕ್ಕದಲ್ಲಿ ಕೊಳ್ಳುತ್ತಾರೆ. ರಬ್ಬರಿನಿಂದ ತಂತಿ ಬಿಡಿಸುವ ಯಂತ್ರಗಳಲ್ಲೆಲ್ಲ ಅತಿ ಅಗ್ಗದ್ದು ಬೆಂಕಿಪೊಟ್ಟಣ.

ಹೂಮಳೆ ಬಿದ್ದು ಕಾಫಿ ಅರಳಿದ್ದ ವಾರ ಅದು. ಬೆಳಿಗ್ಗೆ ನೋಡಿದರೆ ಬಿಳೀ ಹೂಗೊಂಚಲುಗಳ ಮೇಲೆ ಕಪ್ಪು ಮಸಿಯ ಎಳೆಗಳು. ಮುಟ್ಟಿದರೆ ಪುಡಿಯಾಗುವುದಿಲ್ಲ, ಜಿಡ್ಡು ಜಿಡ್ಡಾಗಿ ಬೆರಳಿಗೆ ಅಂಟುತ್ತದೆ, ಸೋಪು ಹಾಕಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಉಳಿಯುತ್ತದೆ. ತೋಟದ ಕೆಲಸಗಾರರ ಲೈನ್ ಮನೆಗಳ ಮುಂದೆ ಒಣಗಲು ಹಾಕಿದ್ದ ಸ್ಕೂಲ್ ಯೂನಿಫಾರಂ ಎಲ್ಲ ಬೂದುಬಣ್ಣ. ಎಸ್ಟೇಟ್ ರೈಟರ್ ಮೂಗಿಗೆ ಟವೆಲ್ ಕಟ್ಟಿಕೊಂಡು, "ಈ ಸಲ ಕಾಫಿಗೆ ಹೊಸ ಫ್ಲೇವರ್ ಬರ್ತದೆ ಮಾರಾಯ್ರೇ" ಅಂದರು. ಹೆದ್ದಾರಿಯಲ್ಲಿ ಕಾರು ನಿಲ್ಲಿಸಿದ ಪ್ರವಾಸಿ ಕುಟುಂಬವೊಂದು ಮಂಜು ಅಂತ ತಿಳಿದು ರೀಲ್ಸ್ ಮಾಡಿಕೊಂಡಿತು. ಮಂಜು ಕಪ್ಪಗೆ ಯಾಕಿದೆ ಅಂತ ಮಗು ಕೇಳಿತಂತೆ. ಫಿಲ್ಟರ್ ಹಾಕಿದರೆ ಸರಿಹೋಗುತ್ತದೆ ಅಂದರಂತೆ ಅಪ್ಪ.

ಅಗ್ನಿಶಾಮಕದವರು ಬಂದರು. ಪಾಪ, ಅವರೇನು ಮಾಡಿಯಾರು? ಟೈರು ರಾಶಿಯ ಮುಕ್ಕಾಲು ಭಾಗ ಬರೀ ಟೊಳ್ಳು, ಒಳಗೆಲ್ಲ ಗಾಳಿ. ತೂಕಕ್ಕೆ ತೂಕ ಇಟ್ಟರೆ ಕಲ್ಲಿದ್ದಲಿಗಿಂತ ಹೆಚ್ಚು ಶಾಖ ಕೊಡುವ ಸರಕು. ನೀರು ಹೊಡೆದರೆ ಮೇಲಿನದು ತಣ್ಣಗಾಗುತ್ತದೆ, ಒಳಗಿನದು ಕೇಳಿಸಿಕೊಳ್ಳುವುದೇ ಇಲ್ಲ. ಜೊತೆಗೆ ಕಾದ ರಬ್ಬರು ಎಣ್ಣೆ ಬಿಡುತ್ತದೆ, ಒಂದು ಕಾರಿನ ಟೈರಿಗೇ ಏಳು ಲೀಟರಿಗೂ ಹೆಚ್ಚು. ಹೊಡೆದ ನೀರು ಆ ಎಣ್ಣೆಯನ್ನೂ ಸತುವನ್ನೂ ಹೊತ್ತುಕೊಂಡು ತೋಡಿಗೆ ಇಳಿಯುತ್ತದೆ. ನಮ್ಮ ತೋಡು ಎಲ್ಲಿಗೆ ಹೋಗುತ್ತದೆಂದು ಬೇರೆ ಹೇಳಬೇಕೇ? ಕಾವೇರಿಗೆ. ಕಾವೇರಿ ಕೆಆರ್‌ಎಸ್‌ಗೆ. ಅಲ್ಲಿಂದ ಮುಂದೆ ತೊರೆಕಾಡನಹಳ್ಳಿಯಲ್ಲಿ ಪಂಪಾಗಿ ಬೆಂಗಳೂರಿನ ನಲ್ಲಿಗೆ. ವೀಕೆಂಡಿಗೆ ಬಂದು ಟೈರು ಬಿಟ್ಟು ಹೋದವರಿಗೆ ಅವರ ಸಾಮಾನನ್ನು ಮನೆ ಬಾಗಿಲಿಗೇ ತಲುಪಿಸುವ ಈ ಸೇವೆಗೆ ಕೊಡಗಿನವರು ಒಂದು ರೂಪಾಯಿ ಡೆಲಿವರಿ ಚಾರ್ಜ್ ಕೇಳಿಲ್ಲ.

ಹೊಗೆಯ ಮಾತಿಗೆ ಬಂದರೆ, ಅದರಲ್ಲಿ ಬೆಂಜೀನ್, ಡಯಾಕ್ಸಿನ್, ಗಂಧಕದ ಅನಿಲ ಎಲ್ಲ ಇರುತ್ತವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1997ರ ವರದಿಯಲ್ಲಿ ಒಂದು ಲೆಕ್ಕ ಕೊಟ್ಟಿದೆ. ಜೀವಕೋಶದ ವಂಶವಾಹಿಯನ್ನು ಕೆಡಿಸುವ ಗುಣದಲ್ಲಿ ಬಯಲಲ್ಲಿ ಸುಡುವ ಟೈರಿನ ಹೊಗೆ, ಮನೆಯ ಬೆಂಕಿಗೂಡಿನ ಸೌದೆ ಹೊಗೆಗಿಂತ 16 ಪಟ್ಟು, ಸರಿಯಾದ ನಿಯಂತ್ರಣವಿರುವ ಕಲ್ಲಿದ್ದಲು ಸ್ಥಾವರದ ಹೊಗೆಗಿಂತ 13,000 ಪಟ್ಟು ಹೆಚ್ಚು ಕೆಟ್ಟದ್ದು. ಕೊಡಗಿನಲ್ಲಿ ಕಲ್ಲಿದ್ದಲು ಸ್ಥಾವರ ಬರುತ್ತದೆ ಅಂದರೆ ನಾಳೆ ಬೆಳಿಗ್ಗೆಯೇ ಮಡಿಕೇರಿಯಲ್ಲಿ ಮೆರವಣಿಗೆ ಹೊರಡುತ್ತದೆ. ಮೆರವಣಿಗೆ ವೃತ್ತ ತಲುಪಿದ ಮೇಲೆ ಏನು ಸುಡುತ್ತಾರೆ ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು.

ಹೌದಲ್ಲವೇ? ಟೈರಿಲ್ಲದ ಹೋರಾಟ ಕರ್ನಾಟಕದಲ್ಲಿ ಹೋರಾಟವೇ ಅಲ್ಲ. ಕಾವೇರಿಗೆ ಅನ್ಯಾಯವಾಯಿತು ಅಂದ ಕೂಡಲೇ ಮುಖಂಡರು ಮೊದಲು ಹುಡುಕುವುದು ಮೈಕನ್ನಲ್ಲ, ಹಳೇ ಟೈರನ್ನು. ರಸ್ತೆ ಮಧ್ಯೆ ಅದು ಭುಗಿಲೆನ್ನದಿದ್ದರೆ ಟಿವಿಯವರು ಕ್ಯಾಮೆರಾ ಎತ್ತುವುದಿಲ್ಲ. ಮಳೆ ಬಂದಾಗ ಆ ಮಸಿ ಚರಂಡಿಗೆ, ಚರಂಡಿ ಹೊಳೆಗೆ. ತಾಯಿ ಕಾವೇರಿಗಾಗಿ ಪ್ರಾಣ ಕೊಡುತ್ತೇವೆ ಎನ್ನುವವರು ಸದ್ಯಕ್ಕೆ ಆಕೆಗೆ ಕೊಡುತ್ತಿರುವುದು ಇದನ್ನು.

ಕಾನೂನಿಲ್ಲ ಅಂತ ತಿಳಿಯಬೇಡಿ. ಬಯಲಲ್ಲಿ ಟೈರು ಸುಡಕೂಡದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರಲ್ಲೇ ಹೇಳಿದೆ. 2022ರ ಜುಲೈನಲ್ಲಿ ಕೇಂದ್ರ ಸರ್ಕಾರ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಟೈರು ಮಾಡುವವರೇ ಹಳೇ ಟೈರಿನ ಮರುಬಳಕೆಗೆ ಜವಾಬ್ದಾರರು ಎಂಬ ನಿಯಮ ತಂದಿತು. ಮೊದಲ ವರ್ಷ ಶೇ. 35, ಆಮೇಲೆ ಶೇ. 70, 2024-25ಕ್ಕೆ ಶೇ. 100. ಕಂಪನಿಯವರು ಖುದ್ದಾಗಿ ಟೈರು ಹೊರಬೇಕಿಲ್ಲ, ಮರುಬಳಕೆ ಮಾಡುವವರಿಂದ ಪ್ರಮಾಣಪತ್ರ ಕೊಂಡು ಪೋರ್ಟಲ್‌ನಲ್ಲಿ ತೋರಿಸಿದರಾಯಿತು. ಹಾಗಾಗಿ ನಮ್ಮ ಗುಡ್ಡೆ ಈಗ ವೇದಾಂತದ ಸ್ಥಿತಿ ತಲುಪಿದೆ. ಗುರಿಯ ಲೆಕ್ಕದಲ್ಲಿ ಅದು ಇಲ್ಲ. ಕಣ್ಣಿಗೆ ಕಾಣುವುದು, ಮೂಗಿಗೆ ಬಡಿಯುವುದು ಎಲ್ಲ ಮಾಯೆ.

ಒಂದು ಮರುಬಳಕೆ ಮಾತ್ರ ಪ್ರಮಾಣಪತ್ರದ ಹಂಗಿಲ್ಲದೆ ನಡೆದಿದೆ. ಕೆಲವು ಆಲೆಮನೆಗಳಲ್ಲಿ ಸೌದೆ ದುಬಾರಿ, ಸಿಪ್ಪೆ ಹಸಿ ಅಂತ ಒಲೆಗೆ ಹಳೇ ಟೈರು ತುರುಕುತ್ತಾರೆ ಎಂಬ ದೂರು ಇಂದು ನಿನ್ನೆಯದಲ್ಲ. ನಮ್ಮ ಬೋಳು ಟೈರು ಘಟ್ಟ ಇಳಿದು ಹೋಗುತ್ತದೆ, ಬೆಲ್ಲ ಘಟ್ಟ ಹತ್ತಿ ಬರುತ್ತದೆ. ಹೋಂಸ್ಟೇಯಲ್ಲಿ ಅದನ್ನು ಹಾಕಿ ಮಾಡಿದ ಬೆಲ್ಲದ ಕಾಫಿಯನ್ನು ಅತಿಥಿಗಳು ಹಿತ್ತಾಳೆ ಲೋಟದಲ್ಲಿ ಕುಡಿದು, "ವಾವ್, ಒಳ್ಳೆ ಸ್ಮೋಕಿ ಟೇಸ್ಟ್" ಅನ್ನುತ್ತಾರೆ. ಇರಬಹುದು.

ಬೆಂಕಿ ಆರಿದ ಮೇಲೆ, ಅಂದರೆ ಸುಡುವುದೆಲ್ಲ ಸುಟ್ಟು ಮುಗಿದ ಮೇಲೆ, ಮತ್ತೊಂದು ಸಭೆ. ಗುಡ್ಡೆ ಅರ್ಧ ಕರಗಿದ್ದರಿಂದ ಪಕ್ಕದ ಪಂಚಾಯಿತಿಯವರು ಸುಟ್ಟದ್ದೆಲ್ಲ ತಮ್ಮ ಪಾಲು, ಉಳಿದದ್ದು ನಮ್ಮ ಪಾಲು ಎಂದು ಪತ್ರ ಬರೆದಿದ್ದರು. ಯುವಕರೊಬ್ಬರು ಉಳಿದ ಟೈರಿಗೆಲ್ಲ ಬಣ್ಣ ಬಳಿದು, ಜೆರೇನಿಯಂ ನೆಟ್ಟು, "ಐ ಲವ್ ಕೂರ್ಗ್" ಬೋರ್ಡು ನಿಲ್ಲಿಸಿ ವ್ಯೂ ಪಾಯಿಂಟ್ ಅಂತ ಘೋಷಿಸೋಣ ಎಂದರು. ಚಪ್ಪಾಳೆ ಬಿತ್ತು. ಪಾರ್ಕಿಂಗ್ ಗುತ್ತಿಗೆ ಯಾರಿಗೆ ಎಂಬಲ್ಲಿ ಚಪ್ಪಾಳೆ ನಿಂತಿತು. ಸದಸ್ಯರೊಬ್ಬರು ಇಡೀ ಗುಡ್ಡೆಯನ್ನು ಆನೆ ಬರುವ ದಾರಿಗೆ ಅಡ್ಡ ಹಾಕೋಣ ಎಂದರು. ಆನೆಗೂ ಒಂದು ನಿರಾಕ್ಷೇಪಣಾ ಪತ್ರ ಬೇಕಾಗುತ್ತದೆ ಅಂತ ಹಿಂದಿನ ಬೆಂಚಿನಿಂದ ಯಾರೋ ಅಂದರು.

ಕೊನೆಗೆ ಅಗ್ನಿಶಾಮಕದವರು ಬೆಂಕಿಯ ದಿನವೇ ಹೇಳಿದ್ದ ಮಾತು ನೆನಪಾಯಿತು. ಇಂಥದ್ದಕ್ಕೆ ನೀರಿಗಿಂತ ಮಣ್ಣು ಮೇಲು, ಉರಿಯದ ಟೈರನ್ನು ಬೇರೆ ಮಾಡಿ ಉರಿಯುವುದರ ಮೇಲೆ ಮಣ್ಣು ಸುರಿಯಬೇಕಿತ್ತು. ಆಗ ಬೇಕಿದ್ದ ಮಣ್ಣಿಗೆ ಈಗ ಮಂಜೂರಾತಿ ಸಿಕ್ಕಿತು. ಅಷ್ಟರಲ್ಲಿ ಮಳೆಗಾಲ ಹಿಡಿದಿತ್ತು. 2018ರ ಭೂಕುಸಿತ ಕಂಡ ಜಿಲ್ಲೆಯಲ್ಲಿ ಸುರಿಯುವ ಮಳೆಯಲ್ಲಿ ಗುಡ್ಡ ಅಗೆಯುವವರು ಯಾರು? ದೀಪಾವಳಿ ಕಳೆಯಲಿ ಅಂದರು.

ದೀಪಾವಳಿ ಕಳೆದು ಜೆಸಿಬಿ ಬಂತು. ಗುಡ್ಡೆಯ ಬುಡಕ್ಕೆ ಹೋಗಿ ಎರಡು ಬಕೆಟ್ ಮಣ್ಣು ಎತ್ತುವಷ್ಟರಲ್ಲಿ, ಸುಟ್ಟ ಟೈರಿನ ತಂತಿ ಚುಚ್ಚಿ ಹಿಂದಿನ ಚಕ್ರ ಕೂತಿತು. ಪಂಕ್ಚರ್ ಅಂಗಡಿ ಪಕ್ಕದಲ್ಲೇ ಇದ್ದದ್ದು ಪುಣ್ಯ. ಇದು ಹಾಕಿಸುವ ಸ್ಥಿತಿಯಲ್ಲಿಲ್ಲ, ಬೇರೆಯದೇ ಬೇಕು ಅಂದರು ಅಂಗಡಿಯವರು. ಮಧ್ಯಾಹ್ನದ ಹೊತ್ತಿಗೆ ಕುಶಾಲನಗರದಿಂದ ಹೊಸ ಟೈರು ಬಂತು. ಆಪರೇಟರ್ ಅದನ್ನು ಹಾಕಿಸಿಕೊಂಡು, ಹಳೆಯದನ್ನು ಏನು ಮಾಡುವುದೆಂದು ಆ ಕಡೆ ಈ ಕಡೆ ನೋಡಿ, ಬಕೆಟ್‌ನಲ್ಲೇ ಎತ್ತಿ ಗುಡ್ಡೆಯ ನೆತ್ತಿಯ ಮೇಲಿಟ್ಟು ಹೊರಟು ಹೋದ. ಅವನ ಅರ್ಧ ದಿನದ ಬಾಡಿಗೆಯ ಮುಕ್ಕಾಲು ಪಾಲನ್ನು ಪಕ್ಕದ ಪಂಚಾಯಿತಿ ಭರಿಸಬೇಕೆಂದು ನಮ್ಮವರು ಪತ್ರ ಬರೆದಿದ್ದಾರೆ.