ಸ್ಪಷ್ಟನೆ: ‘ಮೂಗಿನ ಗಡ್ಡೆ ಮುಟ್ಟಿದರೆ ಹರಡುತ್ತದೆ’ ಎಂಬುದು ಸುಳ್ಳು

‘ಮೂಗು, ಸೈನಸ್ (ಮೂಗಿನ ಸುತ್ತಲ ಮೂಳೆಯ ಟೊಳ್ಳು) ಕ್ಯಾನ್ಸರಿಗೆ ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಪರೀಕ್ಷೆ) ಬೇಡ, ಹರಡುತ್ತದೆ; ಬರೀ ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡಿಸಿದರೆ ಸಾಕು’ ಎಂಬ ಸಂದೇಶ ಹುಬ್ಬಳ್ಳಿ-ಧಾರವಾಡದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ಬಯಾಪ್ಸಿ ಇಲ್ಲದೆ ಗಡ್ಡೆಯ ಜಾತಿ ತಿಳಿಯದು. ಲಿಂಫೋಮಾ (ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್) ಆಗಿದ್ದರೆ ದೊಡ್ಡ ಆಪರೇಷನ್ನೇ ಬೇಕಿಲ್ಲ, ಕಿಮೋ ಮತ್ತು ವಿಕಿರಣವೇ ಮುಖ್ಯ. ಎಚ್ಚರ ಬೇಕಿರುವುದು ಬೇರೆ ಕಡೆ: ಮೊದಲು ಸ್ಕ್ಯಾನ್ ಆಗಲಿ. ರಕ್ತನಾಳ ತುಂಬಿದ ಗಡ್ಡೆಯನ್ನು ನೋಡದೆ ಚಿವುಟಿದರೆ ರಕ್ತ ನಿಲ್ಲಿಸುವುದು ಕಷ್ಟ.

ತೆಗೆಯಬಹುದಾದ ಗಡ್ಡೆಗೆ ಸಾಮಾನ್ಯವಾಗಿ ಆಪರೇಷನ್ ಮೊದಲು. ಬೆಳೆದ ಗಡ್ಡೆಯಾದರೆ ನಂತರ ಸುಮಾರು 6 ವಾರದೊಳಗೆ ವಿಕಿರಣ: ದಿನಕ್ಕೆ 2 ಗ್ರೇ (ವಿಕಿರಣದ ಅಳತೆ), ವಾರಕ್ಕೆ 5 ದಿನ, ಒಟ್ಟು 60ರಿಂದ 66 ಗ್ರೇ. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಕಿಮೋ ಔಷಧ. ಬರೀ ಕರೆಂಟ್ ಹೆಚ್ಚಾಗಿ ತೆಗೆಯಲಾಗದ ಗಡ್ಡೆಗೆ, ಇಲ್ಲವೇ ಆಪರೇಷನ್ ತಾಳದ ದೇಹಕ್ಕೆ.

ಸಂದೇಶದಲ್ಲಿ ಇರಬೇಕಿದ್ದ ಮಾತು ಹಲ್ಲಿನದು. ಉಳಿಸಲಾಗದ ಹುಳುಕು ಹಲ್ಲನ್ನು ವಿಕಿರಣಕ್ಕೆ ಎರಡು ವಾರ ಮೊದಲೇ ಕೀಳಿಸಬೇಕು. ಆಮೇಲೆ ಕಿತ್ತರೆ ಗಾಯ ಮಾಯದೆ ದವಡೆ ಮೂಳೆ ಸಾಯಬಹುದು. ಗಡ್ಡೆಯ ಜೊತೆ ಅಂಗುಳ ತೆಗೆದವರಿಗೆ ಕುಡಿದ ಚಹಾ ಮೂಗಿನಲ್ಲಿ ಬರುತ್ತದೆ. ಅದನ್ನು ತಡೆಯುವ ಆಬ್ಚುರೇಟರ್ ಪ್ಲೇಟಿನ ಅಚ್ಚನ್ನು ಆಪರೇಷನ್‌ಗೆ ಮುಂಚೆಯೇ ದಂತವೈದ್ಯರಿಂದ ತೆಗೆಸಿಡಿ.