ನಿವಾಸಿಗಳಿಲ್ಲದ ದ್ವೀಪ ಬೇಕಾಗಿದೆ

ಬಹಾಮಾಸ್ ದೇಶದ ರಾಜಧಾನಿ ನಸ್ಸೌ ಪಟ್ಟಣದ ಬಂದರಿನಲ್ಲಿ ಬೆಳಗಿನ ಹೊತ್ತು ನಿಂತವರಿಗೆ ಒಂದು ವಿಚಿತ್ರ ಕಾಣಸಿಗುತ್ತದೆ. ಫ್ಲಾರಿಡಾದಿಂದ ರಾತ್ರಿಯಿಡೀ ಸಾಗಿ ಬಂದ ಬಿಳಿಯ ವಿಹಾರ ಹಡಗುಗಳು, ಒಂದೊಂದೂ ಅಪಾರ್ಟ್‌ಮೆಂಟ್ ಸಮುಚ್ಚಯದಷ್ಟು ಎತ್ತರದವು, ಸಾಲಾಗಿ ಕಟ್ಟೆಗೆ ಒರಗಿ, ‘ನಸ್ಸೌ ನೋಡಿಕೊಂಡು ಬನ್ನಿ’ ಎಂದು ಸಾವಿರಾರು ಜನರನ್ನು ಇಳಿಸುತ್ತವೆ. ಅವುಗಳಲ್ಲಿ ಎಷ್ಟೋ ಹಡಗುಗಳ ಬೆನ್ನಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿರುವ ತವರೂರಿನ, ಅಂದರೆ ಹಡಗು ನೋಂದಣಿಯಾದ ಊರಿನ, ಹೆಸರೂ ನಸ್ಸೌ ಎಂದೇ ಇರುತ್ತದೆ. ತವರಿಗೆ ಬಂದ ಮಗಳನ್ನು ಹೊಸ್ತಿಲಲ್ಲಿ ತಡೆದು ‘ನಮ್ಮ ಊರಿಗೆ ಇದೇ ಮೊದಲ ಸಲ ಬರುತ್ತಿದ್ದೀರಾ?’ ಎಂದು ವಿಚಾರಿಸಿದ ಹಾಗೆ ಇದು. ಮಗಳಾದರೂ ಒಳಗೆ ಬಂದು ಕೂರುವವಳಲ್ಲ. ಸಂಜೆ ಐದಕ್ಕೆ ಸೀಟಿ ಊದಿ ಹೊರಟುಬಿಡುತ್ತಾಳೆ.

ಈ ಹಡಗುಗಳ ಗೋತ್ರಪ್ರವರ ಹೇಳುವುದಕ್ಕೆ ಒಬ್ಬ ಪುರೋಹಿತರು ಸಾಲುವುದಿಲ್ಲ. ಕಾರ್ನಿವಲ್ ಕಂಪನಿ ಕಾಗದದ ಮೇಲೆ ಹುಟ್ಟಿದ್ದು ಪನಾಮಾದಲ್ಲಿ, ರಾಯಲ್ ಕೆರಿಬಿಯನ್ ನೋಂದಣಿಯಾಗಿರುವುದು ಆಫ್ರಿಕಾದ ಲೈಬೀರಿಯಾದಲ್ಲಿ, ನಾರ್ವೇಜಿಯನ್ ಎಂಬ ಹೆಸರಿನ ಕಂಪನಿಯ ವಿಳಾಸ ಬರ್ಮುಡಾದಲ್ಲಿ. ಮೂವರೂ ಬೆಳಗಾದರೆ ಕಚೇರಿಯ ಬಾಗಿಲು ತೆರೆಯುವುದು ಮಾತ್ರ ಅಮೆರಿಕದ ಮಯಾಮಿಯಲ್ಲಿ. ಹಡಗು ಕಟ್ಟಿದವರು ಫಿನ್ಲೆಂಡಿನವರೋ ಇಟಲಿಯವರೋ ಫ್ರಾನ್ಸಿನವರೋ ಆಗಿರುತ್ತಾರೆ, ಹಾರುವ ಬಾವುಟ ಬಹಾಮಾಸಿನದೋ ಪನಾಮಾದ್ದೋ ಆಗಿರುತ್ತದೆ. ಬಾವುಟ ಪರದೇಶದ್ದಾದ ಮೇಲೆ ಅದಕ್ಕೊಂದು ಕಾನೂನು ತಗುಲಿಕೊಳ್ಳುತ್ತದೆ. ವಿದೇಶಿ ಹಡಗುಗಳು ಅಮೆರಿಕದ ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ಪ್ರಯಾಣಿಕರನ್ನು ಸಾಗಿಸಕೂಡದು ಎಂದು 1886ರಲ್ಲಿ ಅಲ್ಲಿನ ಸಂಸತ್ತು ವಿಧಿಸಿತು. ತನ್ನ ದೇಶದ ಹಡಗು ಉದ್ಯಮವನ್ನು ಕಾಪಾಡುವುದು ಅದರ ಉದ್ದೇಶವಾಗಿತ್ತು. ಉದ್ಯಮ ಲೈಬೀರಿಯಾಕ್ಕೆ ಹೋಯಿತು, ಕಾನೂನು ಉಳಿಯಿತು. ಆದ್ದರಿಂದ ಮಯಾಮಿಯಿಂದ ಹೊರಟು ಮಯಾಮಿಗೇ ಮರಳುವ ಹಡಗು, ದಾರಿಯಲ್ಲಿ ಅಮೆರಿಕದ ಬೇರೊಂದು ಊರಿನಲ್ಲಿ ಜನರನ್ನು ಇಳಿಸಿ ಸುತ್ತಾಡಿಸಬೇಕೆಂದರೂ, ಕುಂಟೆಬಿಲ್ಲೆ ಆಡುವ ಹುಡುಗಿಯಂತೆ ನಡುವೆ ಎಲ್ಲಾದರೂ ಒಂದು ಪರದೇಶದ ಮನೆಯನ್ನು ಕಾಲಿನಿಂದ ಮುಟ್ಟಿಯೇ ಬರಬೇಕು.

ನಾನೂ ಒಮ್ಮೆ ಮುಟ್ಟಿ ಬಂದಿದ್ದೇನೆ. ಅಮೆರಿಕದಲ್ಲಿರುವ ಮಕ್ಕಳು ಊರಿನಿಂದ ಬಂದ ತಂದೆತಾಯಿಯರಿಗೆ ನಯಾಗರಾ ತೋರಿಸಿ ಮುಗಿದ ಮೇಲೆ ಮಾಡಿಸುವ ಮುಂದಿನ ಸಂಸ್ಕಾರವೇ ಕ್ರೂಸ್ ಎಂಬ ಈ ಹಡಗು ವಿಹಾರ. ನಾನು ಒಪ್ಪಿಕೊಂಡದ್ದಕ್ಕೆ ಕಾರಣ ಬೇರೆ ಇತ್ತು. ನಮ್ಮ ತಲೆಮಾರಿನವರಿಗೆ ಕೆರಿಬಿಯನ್ ದ್ವೀಪಗಳ ಭೂಗೋಳ ಕಲಿಸಿದ್ದು ಪಠ್ಯಪುಸ್ತಕವಲ್ಲ, ಕ್ರಿಕೆಟ್. 1976ರ ಏಪ್ರಿಲ್‌ನಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ 403 ರನ್ನುಗಳ ಗುರಿಯನ್ನು ಬೆನ್ನಟ್ಟಿ ಭಾರತ ಗೆದ್ದಾಗ ನಮ್ಮ ಗುಂಡಪ್ಪ ವಿಶ್ವನಾಥ್ 112 ಹೊಡೆದದ್ದು, 2007ರಲ್ಲಿ ಅದೇ ಊರಿನಲ್ಲಿ ದ್ರಾವಿಡ್ ನಾಯಕತ್ವದ ತಂಡ ಮುಖ ಬಾಡಿಸಿಕೊಂಡು ವಿಶ್ವಕಪ್ಪಿನಿಂದ ಹೊರಬಿದ್ದದ್ದು, ಅದೇ ದ್ರಾವಿಡ್ 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ತರಬೇತುದಾರನಾಗಿ ಕಪ್ಪು ಹಿಡಿದು ಜನ್ಮದಲ್ಲಿ ಕೂಗದ ಹಾಗೆ ಕೂಗಿದ್ದು, ಇಷ್ಟೇ ನನ್ನ ಭೂಪಟ. ಹಡಗು ಹತ್ತಿದ ಮೊದಲ ದಿನವೇ ವಿಹಾರ ವಿಭಾಗದ ಮೇಜಿಗೆ ಹೋಗಿ ಈ ಮೈದಾನಗಳು ದಾರಿಯಲ್ಲಿ ಸಿಗುತ್ತವೆಯೇ ಎಂದು ಕೇಳಿದೆ. ನಮ್ಮದು ಪೂರ್ವ ಕೆರಿಬಿಯನ್ ಪಟ್ಟಿ, ಅದರಲ್ಲಿ ಆ ದ್ವೀಪಗಳು ಬರುವುದಿಲ್ಲ, ಬೇಕಾದರೆ ಡಾಲ್ಫಿನ್ ಜೊತೆ ಈಜಬಹುದು ಎಂದು ಮೇಜಿನ ಹಿಂದಿದ್ದ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ತಿಳಿಸಿದಳು.

ಸಮುದ್ರಯಾನ ಎಂದು ಕರೆಯಲಾಗುವ ಈ ಏರ್ಪಾಡಿನಲ್ಲಿ ಸಮುದ್ರವನ್ನು ಮರೆಮಾಚಲು ಪಟ್ಟಿರುವ ಶ್ರಮವನ್ನು ಮೆಚ್ಚಲೇಬೇಕು. 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಯಾನ ಹೊರಟ ‘ಐಕಾನ್ ಆಫ್ ದ ಸೀಸ್’ ಎಂಬ ಹಡಗನ್ನೇ ನೋಡಿ: ಉದ್ದ 365 ಮೀಟರ್, ಅಂತಸ್ತು 20, ತುಂಬಿದರೆ 7,600 ಪ್ರಯಾಣಿಕರು, ಅವರ ಸೇವೆಗೆ 2,350 ಮಂದಿ. ಅದೇ ಸಮುದ್ರದಲ್ಲಿರುವ ಮಾಂಟ್ಸೆರಾಟ್ ದ್ವೀಪದ ಒಟ್ಟು ಜನಸಂಖ್ಯೆ ಐದು ಸಾವಿರವನ್ನು ಮುಟ್ಟುವುದಿಲ್ಲ. ದ್ವೀಪ ನೋಡಲು ಹೋದವರು ದ್ವೀಪಕ್ಕಿಂತ ದೊಡ್ಡ ಊರನ್ನು ಜೊತೆಗೆ ಒಯ್ಯುತ್ತಾರೆ. ಅದರಲ್ಲಿ ಏಳು ಈಜುಕೊಳಗಳಿವೆ, ಏಕೆಂದರೆ ಸುತ್ತ ಇರುವ ನೀರು ಸಾಲದು. ಉಷ್ಣವಲಯದ ನಟ್ಟನಡುವೆ ಹಿಮದ ಮೇಲೆ ಜಾರುವ ಅಂಗಳವಿದೆ. ಕಡಿಮೆ ದರದ ಕೋಣೆಗಳಿಗೆ ಕಿಟಕಿ ಇರುವುದಿಲ್ಲ. ಕೆಲವು ಹಡಗುಗಳು ಈ ಕೊರತೆ ನೀಗಿಸಲು ಗೋಡೆಗೊಂದು ದೊಡ್ಡ ಪರದೆ ಹಾಕಿ, ಹೊರಗೆ ಕ್ಯಾಮೆರಾ ಇಟ್ಟು, ಗೋಡೆಯಾಚೆ ಇರುವ ಸಮುದ್ರವನ್ನೇ ಒಳಗೆ ನೇರ ಪ್ರಸಾರ ಮಾಡುತ್ತವೆ. ನಮ್ಮ ಕೋಣೆಗೆ ಕಿಟಕಿಯಿತ್ತು. ಆದರೆ ಅದರ ಮುಂದೆ ಕಿತ್ತಳೆ ಬಣ್ಣದ ಜೀವರಕ್ಷಕ ದೋಣಿಯೊಂದು ತೂಗಾಡುತ್ತಿದ್ದುದರಿಂದ, ಏಳು ದಿನ ನನ್ನ ಪ್ರಾಣಕ್ಕೆ ಅಪಾಯವಿಲ್ಲವೆಂಬ ಭರವಸೆಯೊಂದನ್ನು ಬಿಟ್ಟರೆ ಬೇರೇನೂ ಕಾಣಲಿಲ್ಲ.

ಇಷ್ಟೆಲ್ಲ ಬಿಟ್ಟು ಜನ ದ್ವೀಪಕ್ಕೆ ಇಳಿಯುವುದಾದರೂ ಏತಕ್ಕೆ? ಮೆಟ್ಟಿಲು ಹತ್ತುವುದಕ್ಕೆ ಎಂದು ನನ್ನ ಅನುಭವ ಹೇಳುತ್ತದೆ. ಹಡಗಿನಲ್ಲಿ ಒಂದು ಅಂತಸ್ತಿಗೂ ಲಿಫ್ಟಿಗಾಗಿ ಕಾಯುವವರು ನಸ್ಸೌದಲ್ಲಿ ‘ರಾಣಿಯ ಮೆಟ್ಟಿಲು’ಗಳನ್ನು ಏದುಸಿರು ಬಿಡುತ್ತ ಹತ್ತಿ, ಕೈಗಡಿಯಾರ ನೋಡಿ ಎಷ್ಟು ಹೆಜ್ಜೆಯಾಯಿತೆಂದು ಲೆಕ್ಕ ಹಾಕುತ್ತಾರೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಗುಲಾಮರು ಸುಣ್ಣಕಲ್ಲಿನ ಬೆಟ್ಟವನ್ನೇ ಕೈಯಿಂದ ಕಡಿದು ಮಾಡಿದ ಮೆಟ್ಟಿಲುಗಳವು. ಕಡಿದವರಲ್ಲಿ ಒಬ್ಬರ ಹೆಸರೂ ಅಲ್ಲಿಲ್ಲ; ಇರುವುದು ಆಗ ಇನ್ನೂ ಹುಟ್ಟಿಯೇ ಇರದ ವಿಕ್ಟೋರಿಯಾ ರಾಣಿಯ ಹೆಸರು. ಸೇಂಟ್ ಥಾಮಸ್ ದ್ವೀಪದ ಶಾರ್ಲಟ್ ಅಮಾಲಿ ಪಟ್ಟಣದಲ್ಲಿ ‘ತೊಂಬತ್ತೊಂಬತ್ತು ಮೆಟ್ಟಿಲು’ ಎಂಬ ಇನ್ನೊಂದು ಪ್ರೇಕ್ಷಣೀಯ ಸ್ಥಳವಿದೆ. ಅಲ್ಲಿರುವ ಮೆಟ್ಟಿಲು 103. ಮಾರ್ಗದರ್ಶಕ ಇದನ್ನು ದೊಡ್ಡ ರಹಸ್ಯದಂತೆ ಹೇಳಿ ನಗಿಸಿದ. ಉಳಿದ ನಾಲ್ಕಕ್ಕೆ ಬೇರೆ ಶುಲ್ಕ ಕೇಳದ್ದು ಆ ಇಡೀ ಪ್ರವಾಸದಲ್ಲಿ ನಮಗೆ ದೊರೆತ ಏಕೈಕ ರಿಯಾಯಿತಿ.

ಮೆಟ್ಟಿಲು ಇಳಿದರೆ ಒಡವೆಯಂಗಡಿ. ದ್ವೀಪ ಬದಲಾಗುತ್ತದೆ, ಒಡವೆಯಂಗಡಿ ಬದಲಾಗುವುದಿಲ್ಲ. ಕೆರಿಬಿಯನ್ ಪ್ರವಾಸದ ನೆನಪಿಗೆಂದು ಈ ಅಂಗಡಿಗಳು ಮುಂದೊಡ್ಡುವ ಹರಳು ಟಾಂಜನೈಟ್. ಅದು ಭೂಮಿಯ ಮೇಲೆ ಸಿಗುವುದು ಟಾಂಜಾನಿಯಾದಲ್ಲಿ, ಕಿಲಿಮಂಜಾರೊ ಪರ್ವತದ ಆಸುಪಾಸಿನ ಒಂದೇ ಒಂದು ಕಿರಿದಾದ ಪಟ್ಟಿಯಲ್ಲಿ. ಸಿಂಟ್ ಮಾರ್ಟೆನ್ ದ್ವೀಪದ ಫಿಲಿಪ್ಸ್‌ಬರ್ಗ್ ಪಟ್ಟಣದ ಪೇಟೆಬೀದಿಯಲ್ಲಂತೂ ಅಂಗಡಿಕಾರರಲ್ಲಿ ಬಹಳಷ್ಟು ಮಂದಿ ನಮ್ಮ ಸಿಂಧಿ ವರ್ತಕರೇ. ನನ್ನ ಮುಖ ನೋಡಿದ್ದೇ ತಡ, ಡಾಲರಿನ ಬೆಲೆಯನ್ನು ಹಿಂದಿಯಲ್ಲಿ ಇಳಿಸತೊಡಗಿದರು. ಇಂಡಿಯಾ ಹುಡುಕುತ್ತ ಹೊರಟ ಕೊಲಂಬಸ್ 1492ರಲ್ಲಿ ಈ ದ್ವೀಪಗಳ ಕಡೆ ಬಂದು, ಇದೇ ಇಂಡಿಯಾ ಎಂದು ನಂಬಿ, ಸಾಯುವ ತನಕ ಆ ನಂಬಿಕೆಯನ್ನು ಬಿಡಲಿಲ್ಲ ಎಂದು ನಾವೆಲ್ಲ ಶಾಲೆಯಲ್ಲಿ ನಕ್ಕಿದ್ದೆವು. ಸ್ವಲ್ಪ ಆತುರಪಟ್ಟ ಎಂದಷ್ಟೇ ಈಗ ಹೇಳಬಹುದು; ಐದು ಶತಮಾನ ತಡೆದು ಬಂದಿದ್ದರೆ ಫಿಲಿಪ್ಸ್‌ಬರ್ಗ್‌ನಲ್ಲಿ ಇಳಿದು ಚೌಕಾಸಿ ಮಾಡಿಕೊಂಡೇ ಸ್ಪೇನಿಗೆ ಮರಳಬಹುದಿತ್ತು. ಆ ಪುಟ್ಟ ದ್ವೀಪವನ್ನು 1648ರ ಒಪ್ಪಂದದ ಪ್ರಕಾರ ಫ್ರೆಂಚರೂ ಡಚ್ಚರೂ ಹಂಚಿಕೊಂಡಿರುವುದರಿಂದ, ನಮ್ಮ ಹಡಗಿನ ಕೆಲವರು ಟ್ಯಾಕ್ಸಿಯಲ್ಲಿ ಗಡಿಯ ಕಲ್ಲಿನ ತನಕ ಹೋಗಿ, ಆಚೆಗೊಂದು ಕಾಲು ಈಚೆಗೊಂದು ಕಾಲು ಇಟ್ಟು ಫೋಟೊ ತೆಗೆಸಿಕೊಂಡು, ನೋಡಿದ ದೇಶಗಳ ಪಟ್ಟಿಗೆ ಏಕಕಾಲಕ್ಕೆ ಎರಡನ್ನು ಸೇರಿಸಿದರು.

ಹೀಗೆ ಎಲ್ಲ ಸುಸೂತ್ರವಾಗಿಯೇ ನಡೆಯುತ್ತಿದ್ದರೂ ಕಂಪನಿಗಳಿಗೆ ಒಂದು ಚಿಂತೆ ಉಳಿದಿತ್ತು: ದ್ವೀಪಗಳಲ್ಲಿ ದ್ವೀಪದ ಜನ ಇದ್ದರು. ಅವರು ಟ್ಯಾಕ್ಸಿ ಓಡಿಸಿ ಬಾಡಿಗೆ ಕೇಳುತ್ತಿದ್ದರು, ಎಳನೀರು ಮಾರಿ ಕಾಸು ಜೇಬಿಗೆ ಹಾಕಿಕೊಳ್ಳುತ್ತಿದ್ದರು, ತಮ್ಮದೇ ಸರ್ಕಾರ ಇಟ್ಟುಕೊಂಡು ತೆರಿಗೆ ಕಟ್ಟಿ ಎನ್ನುತ್ತಿದ್ದರು. ಪ್ರಯಾಣಿಕ ಖರ್ಚು ಮಾಡಿದ ಡಾಲರು ಹಡಗಿಗೆ ಮರಳದೆ ಅಲ್ಲೇ ಉಳಿದುಬಿಡುತ್ತಿತ್ತು. ಇದಕ್ಕೆ ಮದ್ದು ಕಂಡುಹಿಡಿದದ್ದು ನಾರ್ವೇಜಿಯನ್ ಕಂಪನಿ: 1977ರಲ್ಲಿ ಬಹಾಮಾಸಿನ ಗ್ರೇಟ್ ಸ್ಟಿರಪ್ ಕೇ ಎಂಬ ದ್ವೀಪವನ್ನೇ ತನ್ನ ವಿಹಾರಿಗಳಿಗೆಂದು ಹಿಡಿದುಕೊಂಡಿತು. ಆಮೇಲೆ ಸ್ವಂತ ದ್ವೀಪವಿಲ್ಲದ ಕಂಪನಿಗೆ ಮರ್ಯಾದೆಯೇ ಇಲ್ಲವೆಂಬಂತಾಯಿತು. ಡಿಸ್ನಿ ಕಂಪನಿ ಗೋರ್ಡಾ ಕೇ ಎಂಬಲ್ಲಿಗೆ 1998ರಿಂದ ಹಡಗು ತಂದು, ಅದನ್ನು ಕ್ಯಾಸ್ಟವೇ ಕೇ ಎಂದು, ಅಂದರೆ ಹಡಗೊಡೆದು ದಿಕ್ಕಿಲ್ಲದೆ ದಡ ಸೇರಿದವರ ದ್ವೀಪವೆಂದು ಮರುನಾಮಕರಣ ಮಾಡಿತು; ದಿಕ್ಕಿಲ್ಲದವರಾಗುವುದಕ್ಕೆ ತಿಂಗಳುಗಟ್ಟಲೆ ಮುಂಚಿತವಾಗಿ ಟಿಕೆಟ್ ಕಾಯ್ದಿರಿಸಬೇಕು. ಹಿಂದೆ ಮಾದಕ ವಸ್ತು ಸಾಗಿಸುವವರು ವಿಮಾನ ಇಳಿಸುತ್ತಿದ್ದ ಅಲ್ಲಿನ ಪಟ್ಟಿಯ ಮೇಲೆ ಈಗ ಮಕ್ಕಳು ಸೈಕಲ್ ತುಳಿಯುತ್ತಾರೆ. ರಾಯಲ್ ಕೆರಿಬಿಯನ್ ತನ್ನ ಪಾಲಿನ ಲಿಟಲ್ ಸ್ಟಿರಪ್ ಕೇಗೆ ಕೋಕೋಕೇ ಎಂದು ಹೆಸರಿಟ್ಟು, 25 ಕೋಟಿ ಡಾಲರ್ ಸುರಿದು, 135 ಅಡಿ ಎತ್ತರದಿಂದ ನೀರಿಗೆ ಜಾರುವ ಗೋಪುರ ಕಟ್ಟಿ, 2019ರಲ್ಲಿ ಹೊಸದಾಗಿ ತೆರೆಯಿತು. ಅಮೆರಿಕ ಸರ್ಕಾರ 1917ರಲ್ಲಿ ಡೆನ್ಮಾರ್ಕಿನಿಂದ ಸೇಂಟ್ ಥಾಮಸ್ ಸೇರಿದಂತೆ ಮೂರು ಮುಖ್ಯ ದ್ವೀಪಗಳನ್ನು ಜನ, ಬೆಟ್ಟ, ಬಂದರು ಸಮೇತ ಕೊಂಡದ್ದು ಎರಡೂವರೆ ಕೋಟಿ ಡಾಲರಿಗೆ. ಹಣದುಬ್ಬರದ ಲೆಕ್ಕ ಬಲ್ಲವರು ಈ ಹೋಲಿಕೆಯನ್ನು ಕ್ಷಮಿಸಬೇಕು. ಜನರಿರುವ ಮೂರು ದ್ವೀಪಕ್ಕಿಂತ ಜನರಿಲ್ಲದ ಒಂದು ದ್ವೀಪಕ್ಕೆ ಹತ್ತು ಪಟ್ಟು ಸುರಿಯಬೇಕಾಯಿತೆಂಬ ಸಂಗತಿ ನನ್ನನ್ನು ಬಿಡುತ್ತಿಲ್ಲ.

ಪೂರ್ತಿ ದ್ವೀಪ ಸಿಗದಿದ್ದರೆ ಬೇಲಿಯಾದರೂ ಆಗುತ್ತದೆ. ಹೈಟಿ ದೇಶದ ಉತ್ತರ ತೀರದಲ್ಲಿರುವ ಲಬಾಡೀ ಎಂಬ ಕಡಲಚಾಚನ್ನು ಇದೇ ರಾಯಲ್ ಕೆರಿಬಿಯನ್ 1980ರ ದಶಕದಿಂದ ಗುತ್ತಿಗೆಗೆ ಪಡೆದು, ಸುತ್ತ ಬೇಲಿ ಹಾಕಿ, ಕಾವಲು ನಿಲ್ಲಿಸಿತು. ಮೊದಮೊದಲು ಅದು ಹೈಟಿ ಎಂದು ಹೇಳದೆ, ಆ ದೇಶವಿರುವ ಇಡೀ ದ್ವೀಪದ ಹೆಸರಾದ ಹಿಸ್ಪಾನಿಯೋಲಾ ಎಂದು ತೇಲಿಸುವ ವಾಡಿಕೆಯಿತ್ತು. 2010ರ ಜನವರಿ 12ರಂದು ಭೂಕಂಪವಾಗಿ ಹೈಟಿಯ ರಾಜಧಾನಿ ನೆಲಸಮವಾಯಿತು. ಮೂರು ದಿನ ಕಳೆಯುವಷ್ಟರಲ್ಲಿ ಬೇಲಿಯೊಳಗಿನ ಮರಳಿನಲ್ಲಿ ವಿಹಾರಿಗಳು ಬಿಸಿಲು ಕಾಯಿಸುತ್ತಿದ್ದರು. ಟೀಕೆ ಬಂದಾಗ ಕಂಪನಿ, ಹಡಗಿನಲ್ಲಿ ಪರಿಹಾರ ಸಾಮಗ್ರಿಯನ್ನೂ ತಂದಿದ್ದೇವೆ ಎಂದಿತು. ಅದು ಸುಳ್ಳಲ್ಲ, ಅಕ್ಕಿಮೂಟೆಯೂ ಅದೇ ಹಡಗಿನಿಂದಲೇ ಇಳಿಯಿತು, ಈಜುಡುಗೆಯೂ ಅದರಿಂದಲೇ ಇಳಿಯಿತು. ಹೈಟಿಯಲ್ಲಿ ಹಿಂಸೆ ಹೆಚ್ಚಿ 2024ರಲ್ಲಿ ಅಲ್ಲಿಗೆ ಹಡಗು ನಿಲ್ಲಿಸಿದಾಗ, ತಾವು ಇಷ್ಟು ವರ್ಷ ಹೋಗುತ್ತಿದ್ದುದು ಹೈಟಿಗೆ ಎಂದು ಹಲವರಿಗೆ ಮೊದಲ ಬಾರಿ ತಿಳಿದಿರಲೂಬಹುದು.

ಅತಿಥಿಗಳು ಹೋದ ಮೇಲೆ ಎಲೆ ಎತ್ತುವ ಪ್ರಶ್ನೆಯೂ ಇದೆ. ‘ಕೆರಿಬಿಯನ್ ಪ್ರಿನ್ಸೆಸ್’ ಎಂಬ ಹಡಗಿನವರು ಎಣ್ಣೆ ಬೆರೆತ ಕೊಳಕು ನೀರನ್ನು ಶುದ್ಧಿಯಂತ್ರಕ್ಕೆ ಕೊಡದೆ, ಗುಟ್ಟಾಗಿ ಜೋಡಿಸಿದ ಕೊಳವೆಯ ಮೂಲಕ ನೇರ ಕಡಲಿಗೆ ಬಿಡುತ್ತಿದ್ದುದು ಸಿಕ್ಕಿಬಿದ್ದು, ಒಡೆಯರಾದ ಪ್ರಿನ್ಸೆಸ್ ಕಂಪನಿ 2016ರಲ್ಲಿ ತಪ್ಪೊಪ್ಪಿಕೊಂಡು 4 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ಆ ಸಾಧನಕ್ಕೆ ಹಡಗಿನವರ ಬಾಯಲ್ಲಿರುವ ಹೆಸರು ‘ಮಾಯಾ ಕೊಳವೆ’. ಸಮುದ್ರ ನೋಡಲು ಕರೆದೊಯ್ಯುವವರು ಸಮುದ್ರಕ್ಕೂ ಏನಾದರೂ ಕೊಡಬೇಡವೇ?

ಬೇಡವೆಂದು ಹೇಳುವ ಧೈರ್ಯ ಮಾಡಿದವರು ಕೇಮನ್ ದ್ವೀಪದವರು. ಅಲ್ಲಿ ದೊಡ್ಡ ಹಡಗು ನಿಲ್ಲುವ ಕಟ್ಟೆಯಿಲ್ಲ. ದೂರದಲ್ಲಿ ಲಂಗರು ಹಾಕಿ, ಸಣ್ಣ ದೋಣಿಗಳಲ್ಲಿ ಜನರನ್ನು ತರಬೇಕು. ಕಟ್ಟೆ ಕಟ್ಟೋಣವೇ ಎಂದು 2025ರ ಏಪ್ರಿಲ್‌ನಲ್ಲಿ ಸರ್ಕಾರ ಜನಮತ ಕೇಳಿದಾಗ ಜನ ಬೇಡವೆಂದರು. ಜನರಿರುವ ದ್ವೀಪಗಳಲ್ಲಿ ಇದೇ ತೊಂದರೆ ನೋಡಿ, ಕೇಳಿದರೆ ಉತ್ತರ ಹೇಳಿಬಿಡುತ್ತಾರೆ.

ನಮ್ಮ ಕೋಣೆ ನೋಡಿಕೊಳ್ಳುತ್ತಿದ್ದ ಹುಡುಗನ ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರಿನ ಕೆಳಗೆ ಇಂಡಿಯಾ ಎಂದಿತ್ತು. ಎರಡನೆಯ ದಿನ ನನ್ನಾಕೆಯ ಜೊತೆ ನಾನಾಡಿದ ಮಾತು ಕೇಳಿಸಿಕೊಂಡು ಕನ್ನಡದಲ್ಲಿಯೇ ‘ಊರು ಯಾವುದು ಸಾರ್?’ ಎಂದ. ಅವನು ಕುಂದಾಪುರದ ಕಡೆಯವನು. ಕರಾವಳಿಯಲ್ಲಿ ‘ಮಗ ಶಿಪ್ಪಲ್ಲಿದ್ದಾನೆ’ ಎಂಬ ಮಾತಿಗೆ ಮದುವೆಯ ಮಾರುಕಟ್ಟೆಯಲ್ಲಿ ಇರುವ ಬೆಲೆ ನನಗೆ ಗೊತ್ತಿತ್ತು. ಆ ಬೆಲೆಗೆ ಅವನು ಕೊಡುತ್ತಿದ್ದುದೇನೆಂದು ಗೊತ್ತಿರಲಿಲ್ಲ. ನಾವಿಕರನ್ನು ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆ ಮೀರಿ ದುಡಿಸಬಾರದೆಂದು ಅಂತರರಾಷ್ಟ್ರೀಯ ನಿಯಮವಿದೆ, ಅಂದರೆ ಅಷ್ಟರ ತನಕ ದುಡಿಸಬಹುದು. ತಿಂಗಳುಗಟ್ಟಲೆಯ ಗುತ್ತಿಗೆಯಲ್ಲಿ ವಾರದ ರಜೆ ಎಂಬುದಿಲ್ಲ. ಅಷ್ಟು ದುಡಿದ ಮೇಲೂ ಅವನು ದಿನಾ ರಾತ್ರಿ ನಮ್ಮ ಹಾಸಿಗೆಯ ಮೇಲೆ ಟವೆಲ್ ಮಡಚಿ ಒಂದೊಂದು ಪ್ರಾಣಿ ಮಾಡಿ ಕೂರಿಸುತ್ತಿದ್ದ. ನಾಲ್ಕನೆಯ ದಿನ ಬಂದ ಆನೆಗೆ ನನ್ನ ಕನ್ನಡಕವನ್ನೂ ಹಾಕಿದ್ದ.

ಕೊನೆಯ ರಾತ್ರಿ ಅವನನ್ನು ಕೇಳಿದೆ, ಎಷ್ಟು ಸಲ ಈ ದ್ವೀಪಗಳಿಗೆ ಬಂದಿದ್ದೀಯ ಎಂದು. ಇದು ಎರಡನೆಯ ಗುತ್ತಿಗೆ, ನಲವತ್ತು ಸಲವಾದರೂ ಆಗಿರಬಹುದು ಎಂದ. ಯಾವುದು ಚೆನ್ನಾಗಿದೆ ಎಂದೆ. ಜನರು ಇಳಿದ ಮೇಲೆಯೇ ಕೋಣೆ ಗುಡಿಸುವ ಕೆಲಸವಾದ್ದರಿಂದ ಅವನಿಗೆ ಇಳಿಯಲು ಸಿಗುವುದು ಒಂದು ಗಂಟೆ, ಕೆಲವೊಮ್ಮೆ ಅದೂ ಇಲ್ಲ. ಹಡಗಿನ ಇಂಟರ್ನೆಟ್ಟಿಗೆ ದುಡ್ಡು ಹೆಚ್ಚಾದ್ದರಿಂದ ಅಮ್ಮನಿಗೆ ಫೋನು ಮಾಡುವುದು ಆ ಒಂದು ಗಂಟೆಯಲ್ಲೇ. ಸ್ವಲ್ಪ ಯೋಚಿಸಿ, ಬಹಳ ಪ್ರಾಮಾಣಿಕವಾಗಿ ಉತ್ತರ ಕೊಟ್ಟ. ‘ನಸ್ಸೌದಲ್ಲಿ ವೈಫೈ ಒಳ್ಳೆಯದುಂಟು ಸಾರ್. ಸೇಂಟ್ ಥಾಮಸಲ್ಲಿ ಗೇಟಿನ ಹತ್ತಿರದ ಮರದ ಕೆಳಗೆ ಮಾತ್ರ ಸಿಗುತ್ತದೆ, ಆದರೆ ಅಲ್ಲಿ ನೆರಳುಂಟು. ಕಂಪನಿಯ ದ್ವೀಪದಲ್ಲಿ ದುಡ್ಡು ಕೊಡಬೇಕು.’